ಗೀಟು ಬಿದ್ದ ಮನೆಯ ಮಾತು

ನಮ್ಮ ಊರಿನ ಪೊಲೀಸ್ ಠಾಣೆಯಲ್ಲಿ ದೂರು ಕೊಡಲು ಬಂದವರಿಗೆ ಎರಡು ಕುರ್ಚಿ ಹಾಕಿರುತ್ತಾರೆ. ಒಂದು ಅನ್ಯಾಯವಾದವರಿಗೆ, ಇನ್ನೊಂದು ಅದನ್ನು ಹೇಳುವವರಿಗೆ. ತನಗಾದ ಅನ್ಯಾಯವನ್ನು ತಾನೇ ಹೇಳಹೊರಟರೆ ನಮ್ಮಲ್ಲಿ ದನಿ ಹೊರಡುವುದಿಲ್ಲ. ತುಟಿ ಅಲುಗುತ್ತದೆ, ಕತ್ತಿನ ನರ ಉಬ್ಬುತ್ತದೆ, ಸದ್ದು ಮಾತ್ರ ಇರುವುದಿಲ್ಲ. ಬೇಳೆ ತೀರಿದೆ ಎಂದರೆ ಕೇಳಿಸುತ್ತದೆ. ಅಂಗಡಿಯವನು ನನಗೆ ಹುಳ ಬಿದ್ದ ಬೇಳೆ ಕೊಟ್ಟ ಎಂದರೆ ಕೇಳಿಸುವುದಿಲ್ಲ. ಬರೆದು ತೋರಿಸೋಣವೆಂದರೆ ಮಸಿ ಒಣಗುವ ಮೊದಲೇ ಅಕ್ಷರ ಮಾಸಿಹೋಗುತ್ತದೆ. ಹೀಗಾಗಿ ಪ್ರತಿಯೊಬ್ಬರಿಗೂ ಒಬ್ಬ ಬಾಯಾಳು ಇರುತ್ತಾರೆ, ಆದದ್ದನ್ನು ಕಣ್ಣಾರೆ ಕಂಡೋ ಬೆರಳ ಸನ್ನೆಯಿಂದ ತಿಳಿದೋ ಅವರ ಪರವಾಗಿ ಹೇಳುವವರು. ಶಾಲೆಯಲ್ಲಿ ಪಕ್ಕದ ಮಣೆಯ ಹುಡುಗಿ, ಮದುವೆಯಾದ ಮೇಲೆ ನಾದಿನಿಯೋ ಓರಗಿತ್ತಿಯೋ, ವಯಸ್ಸಾದ ಮೇಲೆ ನೆರೆಮನೆಯವರು. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವ ಮೊದಲು ಅವಳ ಬಾಯಾಳು ಯಾರು ಎಂದು ವಿಚಾರಿಸುತ್ತಾರೆ. ಆಕೆ ಜೋರಿನವಳಾದರೆ ಸಂಬಂಧ ಮುರಿದುಬೀಳುವುದೂ ಉಂಟು.

ಮಕ್ಕಳಿಗೆ ನಡೆಯಲು ಕಲಿಸಿದ ಮೇಲೆ ನಮ್ಮವರು ಕಲಿಸುವ ಮೊದಲ ಮರ್ಯಾದೆ ಒಂದಿದೆ. ಎದುರಿಗಿರುವವರ ತುಟಿ ಸದ್ದಿಲ್ಲದೆ ಅಲುಗತೊಡಗಿದರೆ ಮುಖ ಬೇರೆ ಕಡೆ ತಿರುಗಿಸಬೇಕು. ದಿಟ್ಟಿಸುವುದು ಬಚ್ಚಲುಮನೆಗೆ ಇಣುಕಿದಷ್ಟೇ ಹೇಯ. ನನ್ನ ಅವ್ವ ಗಿರಿಯಮ್ಮನೂ ನನಗೆ ಅದನ್ನೇ ಕಲಿಸಿದಳು. ಆದರೆ ನಾನು ಅಂಜುಬುರುಕಿ. ಮುಖ ತಿರುಗಿಸಿದ ಗಳಿಗೆಯಲ್ಲಿ ಬೆನ್ನ ಹಿಂದೆ ಏನೋ ಆಗಿಬಿಡುತ್ತದೆ ಎಂಬ ಭಯಕ್ಕೆ ಕಣ್ಣಂಚಿನಿಂದ ನೋಡುತ್ತಲೇ ಇದ್ದೆ. ನೋಡಿ ನೋಡಿ, ಬೇರೆ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ನಾನು ತುಟಿ ಓದುವುದನ್ನು ಕಲಿತುಬಿಟ್ಟಿದ್ದೆ. ಹೇಳಿಕೊಳ್ಳುವಂಥ ವಿದ್ಯೆಯಲ್ಲ ಅದು. ಬಿ.ಎ. ಮುಗಿಸಿ ರೇಡಿಯೋ ನಿಲಯದ ಸಂದರ್ಶನಕ್ಕೆ ಹೋದಾಗ ಮುಖ್ಯಸ್ಥರಾದ ಹಾಲೇಶಪ್ಪನವರು, "ಓದೋದು ಬರೆಯೋದು ಬಿಟ್ಟು ಬೇರೆ ಏನು ಬರುತ್ತಮ್ಮ ನಿನಗೆ?" ಎಂದು ಕೇಳಿದರು. "ತುಟಿ ಓದ್ತೀನಿ ಸರ್" ಎಂದೆ. ಅವರು ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದರು. "ಇದನ್ನ ಯಾರಿಗೂ ಹೇಳಬೇಡ. ನಾಳೆಯಿಂದ ಬಾ" ಎಂದರು.

ಹೀಗೆ ನಾನು, ಪದ್ಮಾಕ್ಷಿ, ಊರಿನ ಬಾಯಾಳಾದೆ. ಮಧ್ಯಾಹ್ನದ ವಾರ್ತೆಯ ನಂತರ ನನ್ನ ಕಾರ್ಯಕ್ರಮ. ಬಾಯಾಳು ಇಲ್ಲದವರು, ಇದ್ದೂ ಅವರನ್ನು ಹೆದರಿಸಿ ಕೂರಿಸಿದವರು ನಿಲಯಕ್ಕೆ ಬರುತ್ತಿದ್ದರು. ನಾನು ಅವರ ಎದುರು ಕೂತು, ನೋಡಬಾರದ್ದನ್ನು ನೋಡಿ, ಸಿಕ್ಕಿದ ಮಾತನ್ನು ಹಾಗೇ ನಂಬದೆ, ಆಯಾ ಜಾಗಕ್ಕೆ ಹೋಗಿ, ಆ ವಿಷಯದಲ್ಲಿ ಏನೂ ಕಳೆದುಕೊಳ್ಳದವರನ್ನು ಹುಡುಕಿ ಮಾತಾಡಿಸಿ, ನಿಜವೆಂದು ಖಾತರಿಯಾದ ಮೇಲೆ ಓದುತ್ತಿದ್ದೆ. ಹತ್ತಿ ಗಿರಣಿಯಲ್ಲಿ ಹೆಂಗಸರನ್ನು ಹೊರಗಿನಿಂದ ಬೀಗ ಜಡಿದು ದುಡಿಸುತ್ತಿದ್ದದ್ದು ಹೀಗೆ ಊರಿಗೆ ಗೊತ್ತಾಯಿತು. ಅನಾಥಾಲಯದ ಹುಡುಗಿಯರನ್ನು ಮೇಲ್ವಿಚಾರಕಿ ತನ್ನ ನೆಂಟರ ಮನೆಗಳಿಗೆ ಕಸ ಮುಸುರೆಗೆ ಹಂಚಿದ್ದೂ ಗೊತ್ತಾಯಿತು. ನನಗೆ ಧೈರ್ಯವಿತ್ತೆಂದು ಜನ ಹೇಳುತ್ತಾರೆ. ಪ್ರತಿ ಸಲ ಕೆಂಪು ದೀಪ ಹತ್ತುವ ಮೊದಲು ನನ್ನ ಅಂಗೈ ಬೆವರಿ ಹಾಳೆ ಅಂಟಿಕೊಳ್ಳುತ್ತಿತ್ತು. ಒಂದು ಶಬ್ದ ಹೆಚ್ಚಾದರೂ ನಾನು ಸುಳ್ಳಳಾಗುತ್ತೇನೆ, ಒಂದು ಕಡಿಮೆಯಾದರೂ ಎದುರಿಗೆ ಕೂತಿದ್ದವಳಿಗೆ ಮೋಸವಾಗುತ್ತದೆ. ಇನ್ನೊಂದು ಸಂಗತಿ ನನ್ನನ್ನು ಸದಾ ಕಾಡುತ್ತಿತ್ತು: ನಮ್ಮ ಊರಿನಲ್ಲಿ ಅನ್ಯಾಯ ಮಾಡಿದವರ ದನಿಗೆ ಯಾವತ್ತೂ ಏನೂ ಆಗುವುದಿಲ್ಲ. ಅವರು ಹೇಳಿದ್ದೆಲ್ಲ ಗಂಟೆ ಹೊಡೆದ ಹಾಗೆ ಕೇಳಿಸುತ್ತದೆ.

ಸುಣ್ಣಗಾರರ ಕೇರಿಯಲ್ಲಿ ನೆಲ ಬಾಯಿಬಿಟ್ಟು ಎರಡು ಮನೆಗಳು ಒಳಗಿಳಿದ ಸುದ್ದಿ ಬಂದಾಗ ಊರಸಭೆಯವರು, ಅಲ್ಲಿನ ನೆಲವೇ ಸಡಿಲು, ಕೇರಿಯನ್ನೆಲ್ಲ ಖಾಲಿ ಮಾಡಿಸಬೇಕು ಎಂದು ತೀರ್ಮಾನಿಸಿದರು. ಕೆಡವಬೇಕಾದ ಮನೆಯ ಗೋಡೆಗೆ ಕೆಮ್ಮಣ್ಣಿನ ಗೀಟು ಎಳೆಯುವುದು ನಮ್ಮಲ್ಲಿ ರೂಢಿ. ಒಂದೇ ಬೆಳಗಿನಲ್ಲಿ ಕೇರಿಯ ಎಲ್ಲ ಗೋಡೆಗಳ ಮೇಲೂ ಗೀಟು ಬಿತ್ತು. ಎಲ್ಲಿಗೆ ಹೋಗಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಅಲ್ಲಿನವರು ಕೇಳುವಂತೆಯೂ ಇರಲಿಲ್ಲ. ಒಬ್ಬರಿಗೊಬ್ಬರು ಬಾಯಾಳಾಗಿದ್ದ ನೆರೆಹೊರೆಯವರಿಗೆಲ್ಲ ಒಟ್ಟಿಗೇ ಗೀಟು ಬಿದ್ದಿದ್ದರಿಂದ ಒಬ್ಬರ ದೂರು ಇನ್ನೊಬ್ಬರದೂ ಆಗಿಹೋಗಿತ್ತು. ನಾನು ಹೋದ ದಿನ ಬೀದಿಯ ತುಂಬ ಜನ ಗುಂಪು ಗುಂಪಾಗಿ ನಿಂತು ಮಾತಾಡುತ್ತಿದ್ದರು, ಕೈ ಬೀಸುತ್ತಿದ್ದರು, ಎದೆ ಬಡಿದುಕೊಳ್ಳುತ್ತಿದ್ದರು. ಎದೆಯ ಮೇಲೆ ಬಿದ್ದ ಕೈಯ ಸದ್ದು ಮಾತ್ರ ಕೇಳುತ್ತಿತ್ತು.

ಇಳಿದುಹೋದ ಮನೆಯೊಂದರ ಅಂಚಿನಲ್ಲಿ ಹುಲಿಗೆವ್ವ ಕೂತಿದ್ದಳು. ಸುಣ್ಣದ ಗೂಡಿನಲ್ಲಿ ದುಡಿದು ಹುಬ್ಬು ಕೂಡ ಬೆಳ್ಳಗಾದ ಹೆಂಗಸು. ಮನೆ ಇಳಿದಾಗ ಅವಳ ಮಗಳು ನಿಂಗಮ್ಮ ಮತ್ತು ನಿಂಗಮ್ಮನ ಹಾಲುಗೂಸು ಒಳಗೇ ಇದ್ದರು, ಹೊರಗೆ ಬರಲಿಲ್ಲ.

"ಬಾ, ರೇಡಿಯೋದಾಕಿ" ಎಂದಳು. "ನಿನ್ನ ದನಿ ಕೇಳಿ ದೊಡ್ಡಾಕಿ ಇರಬೇಕು ಅನ್ಕೊಂಡಿದ್ದೆ. ಇಷ್ಟೇ ಅದೀಯಲ್ಲ, ಗುಬ್ಬಿ ಹಾಂಗ. ಕುಂದ್ರು. ಚಾ ಕೊಡ್ತಿದ್ದೆ, ಒಲಿ ಇಲ್ಲ. ಒಲಿ ಎಲ್ಲಿ ಹೋತು ಅಂತ ಕೇಳಬ್ಯಾಡ, ಹೇಳಾಕ ಹೋದ್ರ ಬಾಯಿ ಬಂದ್ ಆಕ್ಕೈತಿ."

"ಬಂದ್ ಆದ್ರೂ ಹೇಳು. ನಾನು ನೋಡ್ತೀನಿ."

ಅವಳು ನನ್ನನ್ನು ಅಳೆಯುವವಳಂತೆ ನೋಡಿದಳು. "ನಾಚಿಕಿ ಇಲ್ಲೇನು ನಿನಗ?"

"ಇದೆ" ಎಂದೆ.

ಅವಳು ಹೇಳತೊಡಗಿದಳು. ನಾನು ಮುಖ ತಿರುಗಿಸಲಿಲ್ಲ. ಮನೆ ಇಳಿಯುವ ಮೊದಲು ಹಲವು ದಿನ ನೆಲದೊಳಗಿಂದ ಗುಡುಗಿನಂಥ ಸದ್ದು ಬರುತ್ತಿತ್ತೆಂದೂ, ಒಳಕಲ್ಲಿನಲ್ಲಿ ನಿಲ್ಲಿಸಿದ ಗುಂಡುಕಲ್ಲು ತಾನಾಗಿ ಹೊರಳುತ್ತಿತ್ತೆಂದೂ, ಮಗಳು ಹೆದರಿ ಕೂಸನ್ನು ಎದೆಗೆ ಕಟ್ಟಿಕೊಂಡೇ ಅಡುಗೆ ಮಾಡುತ್ತಿದ್ದಳೆಂದೂ ಅವಳ ತುಟಿ ಹೇಳಿತು. ಮುಗಿಸಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಈಗ ಕೇಳಿಸುವ ದನಿಯಲ್ಲಿ, "ತಿಳೀತೇನು?" ಎಂದಳು.

ಕೇರಿಯ ಹಿಂದಿನ ಗುಡ್ಡದ ಆಚೆ ಮಗ್ಗುಲಿಗೆ ಬಿಳಿಕಲ್ಲಿನ ಗಣಿಯಿದೆ. ಊರಸಭೆಯ ಅಧ್ಯಕ್ಷರ ಭಾವಮೈದನದು. ಅಲ್ಲಿ ಕುಳಿ ಕೊರೆಯುತ್ತಿದ್ದು, ಆಮೇಲೆ ಕೆಲಸ ಬಿಟ್ಟಿದ್ದ ಫಕೀರಪ್ಪ ಎಂಬವನನ್ನು ಹುಡುಕಿಕೊಂಡು ಹೋದೆ. ತನ್ನ ದನಿಯನ್ನು ಮುದ್ರಿಸಿಕೊಳ್ಳಲು ಅವನು ಬಿಡಲಿಲ್ಲ. "ಮಾತು ಬೇಕಾದ್ರ ಒಯ್ಯಿ. ದನಿ ಒಯ್ಯಬ್ಯಾಡ" ಎಂದ. ಒಳ್ಳೆಯ ಕಲ್ಲಿನ ಪದರ ಗುಡ್ಡದ ಅಡಿಯಿಂದ ಕೇರಿಯ ಕಡೆಗೆ ಹರಿದಿತ್ತಂತೆ. ಅದನ್ನು ಹಿಂಬಾಲಿಸಿ ಒಳಗೊಳಗೇ ಕೊರೆಯುತ್ತ ಹೋದರಂತೆ. "ಎಲ್ಲಿಗೆ ಬಂದೀವಿ ಅಂತ ನಮಗ ಗೊತ್ತಿತ್ರಿ" ಎಂದ. "ಸಿಡಿಮದ್ದು ಇಡಾಕ ಸುಮ್ಮಕ ಕುಂತಾಗ ನೆತ್ತಿ ಮ್ಯಾಲೆ ಹೆಂಗಸರು ರುಬ್ಬೋದು ಕೇಳ್ತಿತ್ತು. ಒಬ್ಬಾಕಿ ಕೂಸಿಗೆ ಜೋಗುಳ ಹಾಡ್ತಿದ್ಲು. ನಾವು ಆ ಹಾಡು ಮುಗಿಯೋತನ ಕಾಯ್ತಿದ್ವಿ. ಆಮ್ಯಾಲೆ ಬತ್ತಿಗೆ ಬೆಂಕಿ ಇಡ್ತಿದ್ವಿ."

ಅವನ ದನಿ ಎಲ್ಲೂ ತಡವರಿಸಲಿಲ್ಲ. ಗಣಿಯೊಳಗೆ ನಾನೇ ಹೋಗಿ ನೋಡಿದೆ, ಅವನು ಹೇಳಿದ್ದು ನಿಜವಾಗಿತ್ತು.

ಆ ವಾರದ ಕಾರ್ಯಕ್ರಮದಲ್ಲಿ ಇದನ್ನೇ ಓದತೊಡಗಿದೆ. ನಿಂಗಮ್ಮನ ಹೆಸರು ಹೇಳಿದೆ, ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ ಎಂದೆ. ನೆಲದೊಳಗಿನ ಸದ್ದಿನ ಬಗ್ಗೆ ಓದಿದೆ. "ಕೇರಿಯ ಕೆಳಗೆ ಕೊರೆದ ಆ ಗಣಿ ಯಾರದೆಂದರೆ" ಎಂಬಲ್ಲಿಗೆ ಬಂದಾಗ ನನ್ನ ಕಿವಿಯೊಳಗೆ ನನ್ನ ದನಿ ನಿಂತುಹೋಯಿತು. ನಾನು ಓದುತ್ತಲೇ ಇದ್ದೆ. ಗಾಜಿನ ಆಚೆ ಹಾಲೇಶಪ್ಪನವರು ಕಿವಿಯ ಮೇಲಿನ ಹೆಡ್‌ಫೋನನ್ನು ತೆಗೆದು ಮತ್ತೆ ಹಾಕಿಕೊಂಡರು. ಅವರ ಮುಂದೆ ದನಿಯ ಮಟ್ಟ ತೋರಿಸುವ ಮುಳ್ಳು ಸೊನ್ನೆಗೆ ಬಿದ್ದು ಅಲ್ಲೇ ಇತ್ತು. ನಂತರ ಅವರು ನನ್ನ ತುಟಿಯನ್ನು ನೋಡಿದರು, ಅದು ಅಲುಗುತ್ತಿದ್ದುದನ್ನು ಕಂಡರು, ಮುಖ ತಿರುಗಿಸಿದರು. ತತ್ವಪದವೊಂದನ್ನು ಹಚ್ಚಿ ಹೊತ್ತು ಕಳೆದರು.

ದನಿ ಹೋಯಿತೆಂದರೆ ಅನ್ಯಾಯ ನನಗೇ ಆಗಿರಬೇಕು ಎಂದು ಮನೆಗೆ ಓಡಿದೆ. ನಮ್ಮದು ಊರಿನ ಇನ್ನೊಂದು ತುದಿಯ ಅಗಸೆ ಬೀದಿ, ಅಡಿಯಲ್ಲಿ ಹೆಬ್ಬಂಡೆ, ನೆಲ ಇಳಿಯುವ ಮಾತೇ ಇಲ್ಲ. ಅವ್ವ ಅಂಗಳದಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಗೋಡೆಯ ಮೇಲಿನ ಗೀಟಿನಿಂದ ಕೆಮ್ಮಣ್ಣಿನ ನೀರು ಇನ್ನೂ ಇಳಿಯುತ್ತಿತ್ತು.

"ಯಾರೋ ಪೋಲಿಗಳು ಬಳಿದು ಹೋದ್ರು ಪದ್ದಿ. ಒಣಗಲಿ, ಮೇಲೊಂದು ಕೈ ಸುಣ್ಣ ಹೊಡೀತೀನಿ."

ಪೋಲಿಗಳಲ್ಲ ಅವ್ವ, ನನ್ನ ಬಾಯಿ ಮುಚ್ಚಿಸಲು ಊರಸಭೆಯವರು ಹಾಕಿದ್ದು ಎಂದೆ. ಎಂದುಕೊಂಡೆ. ಅವ್ವ ನನ್ನ ಮುಖ ನೋಡಿದವಳು ತಟ್ಟನೆ ಬಾವಿಯ ಕಡೆ ತಿರುಗಿದಳು. ಅವಳ ಎದುರು ನನ್ನ ತುಟಿ ಹಾಗೆ ಅಲುಗಿದ್ದು ಅದೇ ಮೊದಲು.

ಅದರ ಜಾಣತನ ನನಗೆ ಮೆಲ್ಲಗೆ ಅರ್ಥವಾಯಿತು. ನನ್ನನ್ನು ಹೊಡೆಯಲಿಲ್ಲ, ಕೆಲಸದಿಂದ ತೆಗೆಸಲಿಲ್ಲ. ಅದೇ ಆಜ್ಞೆಯೊಳಗೆ ನನ್ನ ಮನೆಯನ್ನೂ ಸೇರಿಸಿದರು, ಅಷ್ಟೇ. ಸುಣ್ಣಗಾರರ ಕೇರಿಯ ದೂರು ನನ್ನದೂ ಆಯಿತು, ನನ್ನದಾದ್ದರಿಂದ ನಾನು ಹೇಳುವಂತಿಲ್ಲವಾಯಿತು. ಮೊದಲೇ ಮುದ್ರಿಸಿದ್ದ ಟೇಪನ್ನು ಹಾಕಿ ನೋಡಿದೆ, ಅದರಲ್ಲೂ ನನ್ನ ದನಿ ಇದ್ದ ಕಡೆ ಬರಿ ಗಾಳಿಯ ಸದ್ದು. ಮರುದಿನ ಹಾಲೇಶಪ್ಪನವರು ತಾವೇ ಓದಲು ಕೂತರು. ಮೂವತ್ತು ವರ್ಷ ವಾರ್ತೆ ಓದಿದ ಗಂಟಲು ಅದು. ಎರಡನೆಯ ವಾಕ್ಯಕ್ಕೆ ಖಾಲಿಯಾಯಿತು. ಅವರ ಹೆಂಡತಿ ನಿಲಯಕ್ಕೆ ಬಂದು ಗೀಟಿನ ವಿಷಯ ಹೇಳಲು ಹೋಗಿ, ಹೇಳಲಾಗದೆ, ಗೋಡೆಯ ಮೇಲೆ ಬೆರಳಿನಿಂದ ಅಡ್ಡ ಎಳೆದು ತೋರಿಸಿದರು.

"ಮಗಳು ಬಾಣಂತಿ ಇದ್ದಾಳೆ ಪದ್ಮಾಕ್ಷಿ" ಎಂದರು ಹಾಲೇಶಪ್ಪನವರು. "ನನ್ನನ್ನ ಇದಕ್ಕೆ ಎಳೀಬೇಡ."

ಊರಸಭೆಯ ಕಾರ್ಯದರ್ಶಿ ಚಿದಾನಂದಯ್ಯ ನನ್ನನ್ನು ಕಾಣಲು ತಾವಾಗಿ ಬಂದರು. ಇಸ್ತ್ರಿಯ ಜುಬ್ಬಾ, ಮೆತ್ತನೆಯ ಮಾತು.

"ಗಂಟಲು ಕೆಟ್ಟಿದೆಯಂತೆ. ಜೇನುತುಪ್ಪ ತಗೊಳ್ಳಿ ಮೇಡಂ. ಊರೆಲ್ಲ ನಿಮ್ಮ ದನಿಗೆ ಕಾಯುತ್ತೆ."

ನಾನು ಮೇಜಿನ ಮೇಲಿದ್ದ ಹಾಳೆಗಳನ್ನು ಮಗುಚಿಟ್ಟೆ.

"ಗೀಟು ಅಂದ್ರೆ ಏನು, ಕೆಮ್ಮಣ್ಣು. ನೀರು ಹಾಕಿದ್ರೆ ಹೋಗುತ್ತೆ. ಬರೋ ಸೋಮವಾರ ಆ ಕೇರಿ ಕೆಲಸ ಮುಗೀಲಿ, ನಾನೇ ಆಳು ಕಳಿಸಿ ತೊಳಸ್ತೀನಿ. ನಿಮ್ಮ ತಾಯಿಯವರು ಹೊಲಿಗೆ ಹೇಳಿಕೊಟ್ಟು ಕಟ್ಟಿಸಿದ ಮನೆ ಅಂತೆ. ನನ್ನ ಹೆಂಡತಿನೂ ಅಲ್ಲೇ ಕಲ್ತಿದ್ದು." ಎದ್ದು ಹೊರಡುವಾಗ, ಕಚೇರಿಯಲ್ಲಿ ಎಲ್ಲರಿಗೂ ಹೇಳುವ ಮಾತನ್ನು ಹೇಳುವಂತೆ ಹೇಳಿದರು: "ಇಲ್ಲ, ನೀವೇ ಒಪ್ಪಿ ಬಿಟ್ಟುಕೊಡ್ತೀರಿ ಅಂದ್ರೂ ಆಯ್ತು. ಹಳೇ ಗಾಣದ ಹಿಂದೆ ಒಂದು ಕೋಣೆ ಇದೆ. ಒಪ್ಪಿದವರ ಮೇಲೆ ನಮಗೇನು ಹಗೆ."

ಅವರು ಮಾಡಿದ ತಪ್ಪು ಅದೊಂದೇ. ನಮ್ಮ ಊರಸಭೆಗೆ ಹೆದರಿ ಒಪ್ಪಿದವರು ಗೊತ್ತು. ಕೇರಿಯಲ್ಲಿ ಕೆಲವರು ಹಾಗೆ ಹೆಬ್ಬೆಟ್ಟು ಒತ್ತಿದ್ದರು, ಅವರ ದನಿ ಮರಳಿರಲಿಲ್ಲ, ಯಾಕೆಂದರೆ ಅನ್ಯಾಯ ಹಾಗೇ ಇತ್ತು. ನಿಜವಾಗಿ ಮನಸ್ಸಾರೆ ಬಿಟ್ಟುಕೊಟ್ಟವರು ಒಬ್ಬರೂ ಇರಲಿಲ್ಲವಾದ್ದರಿಂದ, ಅಂಥವರ ದನಿ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಕೊಟ್ಟದ್ದು ಕಸಿದುಕೊಂಡಂತಾಗುವುದಿಲ್ಲ. ಕಸಿಯದಿದ್ದರೆ ಅದು ನನ್ನ ದೂರಲ್ಲ. ನನ್ನ ದೂರಲ್ಲದಿದ್ದರೆ ನಾನು ಮಾತಾಡಬಲ್ಲೆ.

ಮನೆ ನನ್ನ ಹೆಸರಿನಲ್ಲಿತ್ತು. ನನಗೆ ಕೆಲಸ ಸಿಕ್ಕ ವರ್ಷ, ಹೆಣ್ಣಿಗೊಂದು ನೆಲೆಯಿರಬೇಕೆಂದು ಅವ್ವ ಮಾಡಿಸಿಕೊಟ್ಟಿದ್ದಳು. ಆದರೂ ಅವಳನ್ನು ಕೇಳಿದೆ. ಅವಳು ಯಾರದೋ ರವಿಕೆಗೆ ಕೊಕ್ಕೆ ಹಚ್ಚುತ್ತ ಕೂತಿದ್ದಳು.

"ಬೇಡ" ಎಂದಳು.

"ಅವ್ವ, ಪೂರ್ತಿ ಕೇಳು."

"ಕೇಳಿದೆ. ನಿನ್ನ ರೇಡಿಯೋ ಮಾತಾಡಬೇಕು ಅಂತ ನನ್ನ ಮನೆ ಬೀಳಬೇಕು. ಬೇಡ. ಬೇರೆ ಬಾಯಿ ಹುಡುಕು."

"ಯಾರೂ ಇಲ್ಲ. ಇನ್ಯಾರು ಓದೋಕೆ ಕೂತ್ರೂ ಅವರ ಮನೆಗೆ ಗೀಟು ಬೀಳುತ್ತೆ. ಸೋಮವಾರ ಬಂತು. ಅಲ್ಲಿ ಜನ ನೆಲದ ಮೇಲೆ ಕೂತಿದ್ದಾರೆ."

"ಇಲ್ಲೂ ಒಬ್ಬಾಕೆ ನೆಲದ ಮೇಲೇ ಕೂತಿದ್ದಾಳೆ" ಎಂದಳು ಅವ್ವ, ಸೂಜಿಯಿಂದ ಕಣ್ಣು ತೆಗೆಯದೆ. "ನಿಮ್ಮಪ್ಪ ಹೋದಾಗ ಈ ಜಾಗದಲ್ಲಿ ಬರೀ ಜಾಲಿ ಇತ್ತು. ಒಂದೊಂದು ಕಿಟಕಿ ಯಾವ ಯಾವ ಮದುವೆ ಬಟ್ಟೆ ಹೊಲಿದು ಇಡಿಸಿದ್ದು ಅಂತ ನನಗೆ ನೆನಪಿದೆ. ನನಗೆ ಇನ್ನೊಂದು ಸಲ ಕಟ್ಟೋ ಕಣ್ಣಿಲ್ಲ ಮಗಳೇ. ನೀನು ಕೇಳಿದ್ದಕ್ಕೆ ಹೇಳ್ತಿದ್ದೀನಿ. ಬೇಡ."

ನಾನು ಅವಳ ಮಾತನ್ನು ತಪ್ಪಾಗಿ ತಿಳಿದೆನೆಂದು ಹೇಳಲಾರೆ. ಅಷ್ಟು ಸ್ಪಷ್ಟವಾಗಿ ಯಾರೂ ನನಗೆ ಏನನ್ನೂ ಹೇಳಿರಲಿಲ್ಲ. ಮರುದಿನ ಊರಸಭೆಗೆ ಹೋಗಿ ರುಜು ಹಾಕಿದೆ. ಚಿದಾನಂದಯ್ಯ ನನಗೆ ಬಾದಾಮಿ ಹಾಲು ತರಿಸಿದರು.

ರುಜು ಹಾಕಿದ ಮಾತ್ರಕ್ಕೆ ದನಿ ಬರಲಿಲ್ಲ. ಅವ್ವ ಸಂತೆಗೆ ಹೋಗಿದ್ದಾಗ ನಡುಮನೆಯಲ್ಲಿ ನಿಂತು, ನಮ್ಮ ಮನೆಗೆ ಗೀಟು ಹಾಕಿದರು ಎಂದು ಹೇಳಿ ನೋಡಿದೆ. ಏನೂ ಕೇಳಿಸಲಿಲ್ಲ. ಕೈ ಕೊಟ್ಟಿತ್ತು, ಮನಸ್ಸು ಹಿಡಿದುಕೊಂಡೇ ಇತ್ತು. ಆಗ ಒಂದೊಂದೇ ಕೋಣೆಗೆ ಹೋದೆ. ಒಲೆಯ ಮುಂದೆ ನಿಂತು, ಇದು ಇಟ್ಟಿಗೆ, ಎಂದುಕೊಂಡೆ. ಅವ್ವನ ಯಂತ್ರದ ಕಾಲುಮಣೆ ತಿಕ್ಕಿ ತಗ್ಗಾದ ನೆಲದ ಮೇಲೆ ನಿಂತು, ಇದು ಗಾರೆ, ಎಂದುಕೊಂಡೆ. ಜ್ವರ ಬಂದಾಗ ನಾನು ಮಲಗುತ್ತಿದ್ದ ಮೂಲೆಯ ಕಡೆ, ಯಾರದೋ ಮನೆಯ ಮೂಲೆಯನ್ನು ನೋಡುವಂತೆ ನೋಡಿದೆ. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಮತ್ತೆ ನಡುಮನೆಗೆ ಬಂದು ಅದೇ ಮಾತು ಹೇಳಿದಾಗ ಗೋಡೆಗೆ ಬಡಿದು ನನಗೇ ವಾಪಸು ಬಂತು. ಸಂತೋಷವಾಗಬೇಕಿತ್ತು. ನನಗೆ ಏನೂ ಆಗಲಿಲ್ಲ.

ಶನಿವಾರ ಮಧ್ಯಾಹ್ನ ಓದಿದೆ. ಗಣಿ ಯಾರದೆಂದು ಹೇಳಿದೆ. ಕಲ್ಲಿನ ಪದರ ಎಲ್ಲಿಂದ ಎಲ್ಲಿಗೆ ಹರಿದಿದೆಯೆಂದು, ಜೋಗುಳ ಮುಗಿಯುವವರೆಗೆ ಕಾದು ಬತ್ತಿಗೆ ಬೆಂಕಿಯಿಟ್ಟರೆಂದು ಹೇಳಿದೆ. ಅಂಗಡಿಗಳಲ್ಲಿ ತಕ್ಕಡಿ ನಿಂತವಂತೆ. ಊರಸಭೆಯ ಜವಾನ ಕೆಮ್ಮಣ್ಣಿನ ಬಕೆಟ್ಟು ಹಿಡಿದು ನಮ್ಮ ಬೀದಿಗೆ ಮತ್ತೊಮ್ಮೆ ಓಡಿಬಂದು, ಎಳೆಯಲು ಇನ್ನೇನೂ ಉಳಿದಿಲ್ಲವೆಂದು ಗೋಡೆಯ ಮುಂದೆ ನಿಂತಿದ್ದನಂತೆ. ಭಾನುವಾರ ಜನ ಗಣಿಯ ಬಾಯಿಗೆ ಹೋಗಿ ಕೂತರು. ಸೋಮವಾರ ಕೇರಿಯನ್ನು ಕೆಡವಲಿಲ್ಲ. ಗಣಿಯ ಕೆಲಸ ನಿಲ್ಲಿಸಿ ವಿಚಾರಣೆ ಎಂದರು. ಹಾಲೇಶಪ್ಪನವರ ಗೋಡೆ ತೊಳೆದರು. ಅಧ್ಯಕ್ಷರು ಇನ್ನೂ ಅಧ್ಯಕ್ಷರೇ, ಅವರು ಭಾಷಣದಲ್ಲಿ ನಿಂಗಮ್ಮನ ಹೆಸರು ಹೇಳಿ ಕಣ್ಣೊರೆಸಿಕೊಂಡರು. ನಮ್ಮ ಮನೆಯನ್ನು ಮಾತ್ರ ಮಂಗಳವಾರ ಕೆಡವಿದರು. ಒಪ್ಪಿ ಕೊಟ್ಟದ್ದಾದ್ದರಿಂದ ಅದಕ್ಕೆ ವಿಚಾರಣೆಯ ಅಗತ್ಯವಿರಲಿಲ್ಲ.

ಗಾಣದ ಹಿಂದಿನ ಕೋಣೆಯಲ್ಲಿ ಸದಾ ಹಿಂಡಿಯ ವಾಸನೆ. ಅವ್ವ ನನ್ನ ಜೊತೆ ಮಾತು ಬಿಡಲಿಲ್ಲ. ಉಪ್ಪು ಸಾಕಾ ಎನ್ನುತ್ತಿದ್ದಳು, ಕೊಡೆ ತಗೊಂಡು ಹೋಗು ಎನ್ನುತ್ತಿದ್ದಳು. ಹೊಲಿಗೆ ಯಂತ್ರ ಇಡಲು ಜಾಗವಿರಲಿಲ್ಲ, ಅದರ ಮೇಲೆ ಹಾಸಿಗೆ ಮಡಿಸಿಟ್ಟಿದ್ದಳು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದವಳ ತುಟಿ ಅಲುಗುತ್ತಿದ್ದುದನ್ನು ಕಂಡೆ. ಸದ್ದಿರಲಿಲ್ಲ. ಊರಿನ ಎಷ್ಟೋ ಜನರ ತುಟಿಯನ್ನು ನಾಚಿಕೆಯಿಲ್ಲದೆ ನೋಡಿದವಳು ನಾನು. ಅವತ್ತು ಒಳ್ಳೆಯ ಮನೆತನದ ಹುಡುಗಿಯಂತೆ ಮುಖ ತಿರುಗಿಸಿದೆ. ಮರುದಿನವೂ ತಿರುಗಿಸಿದೆ.

ಅವ್ವನ ಬಾಯಾಳು ಅಗಸೆ ಬೀದಿಯ ಶಾಂಭವಕ್ಕ. ಅವಳ ಮನೆಗೆ ಅವ್ವ ನಡೆದುಕೊಂಡು ಹೋಗಿಬಂದಳೆಂದು ನನಗೆ ಆಮೇಲೆ ಗೊತ್ತಾಯಿತು. ದಾರಿಯಲ್ಲಿ ಸಿಕ್ಕಾಗ ಶಾಂಭವಕ್ಕ ನನ್ನ ಕೈ ಹಿಡಿದುಕೊಂಡು, "ನೀನೇನೂ ಯೋಚಿಸಬೇಡ. ಗಿರಿಯಮ್ಮಂಗೆ ನಾನೇ ಬುದ್ಧಿ ಹೇಳಿ ಕಳಿಸ್ದೆ. ಇಡೀ ಕೇರಿ ಉಳಿಸಿದ ಹುಡುಗಿ ಮೇಲೆ ಯಾರು ಬಾಯಿ ಎತ್ತುತಾರೆ? ಬಾಯಿಗೆ ಹುಳ ಬಿದ್ದೀತು" ಎಂದಳು. ಅದು ನನಗೆ ಸಮಾಧಾನ ತಂದಿತು. ಆ ಸಮಾಧಾನ ಎಂಥದೆಂದು ಗಾಣದವರೆಗೆ ನಡೆದುಬರುವಷ್ಟರಲ್ಲಿ ತಿಳಿಯಿತು. ಗಿರಣಿಯ ಧಣಿಯೂ ಅನಾಥಾಲಯದ ಮೇಲ್ವಿಚಾರಕಿಯೂ ಇದೇ ಸಮಾಧಾನದಲ್ಲಿ ಎಷ್ಟೋ ವರ್ಷ ಚೆನ್ನಾಗಿ ನಿದ್ದೆ ಮಾಡಿದ್ದರು.

ವಿಚಾರಣೆ ಮುಗಿಯುವ ಹಂತಕ್ಕೆ ಬಂದಿದ್ದ ವಾರ ಹುಲಿಗೆವ್ವ ನಿಲಯಕ್ಕೆ ಬಂದಳು. ವಾರ್ತೆ ಮುಗಿಯುತ್ತಿತ್ತು. ಹುಬ್ಬಿನ ಸುಣ್ಣ ತೊಳೆದು ಬಂದಿದ್ದಳು, ಗುರುತು ಸಿಗಲು ಒಂದು ಗಳಿಗೆ ಹಿಡಿಯಿತು.

"ಒಂದು ದೂರು ಐತಿ" ಎಂದಳು.

"ಹೇಳು. ನಾನು ಓದ್ತೀನಿ."

"ನೀನು ಓದೋದಲ್ಲ. ನಾನೇ ಹೇಳಾಕಿ. ನನ್ನ ದೂರಲ್ಲ, ದನಿ ಬರ್ತೈತಿ. ನಿಮ್ಮವ್ವಂದು."

ಹಾಲೇಶಪ್ಪನವರು ಗಾಜಿನ ಆಚೆಯಿಂದ ಎದ್ದು ಒಳಗೆ ಬಂದರು.

"ನಿಮಗ ಎರಡು ರೊಟ್ಟಿ ಕೊಟ್ಟು ಬರೋಣ ಅಂತ ಹೋಗಿದ್ದೆ" ಎಂದಳು ಹುಲಿಗೆವ್ವ, ನನಗೇ ಹೇಳುವಂತೆ. "ನೀ ಇರಲಿಲ್ಲ. ಆಕಿ ಬಾಯಿ ಆಡಿಸಾಕ ಹತ್ತಿದ್ಲು. ನನಗ ನಿನ್ನಂಗ ಓದಾಕ ಬರಂಗಿಲ್ಲ. ಮೂರು ಸಲ ಹೇಳಿಸಿಕೊಂಡೆ. ಬೆರಳಿಲೆ ತೋರಿಸಿದ್ಲು. ಆಮ್ಯಾಲೆ ತಿಳೀತು. ಬಾಯಾಳು ಆಗ್ತೀಯೇನು ಅಂತ ಕೇಳಿದ್ಲು. ಹೂಂ ಅಂದೆ."

"ತಾಯಿ, ಇದು ಹೊರಗೆ ಹೋದ್ರೆ ಏನಾಗುತ್ತೆ ಗೊತ್ತಾ ನಿನಗೆ?" ಎಂದರು ಹಾಲೇಶಪ್ಪನವರು. "ಹೆತ್ತ ತಾಯಿನ ಬೀದಿಗೆ ಹಾಕಿದವಳ ಮಾತು ನಂಬಬೇಕಾ ಅಂತ ಚಿದಾನಂದಯ್ಯ ಎದ್ದು ನಿಲ್ತಾನೆ. ಅದಕ್ಕೇ ಕಾಯ್ತಾ ಕೂತಿದ್ದಾನೆ. ವಿಚಾರಣೆ ಬಿದ್ದುಹೋಗುತ್ತೆ. ನಿನ್ನ ಕೇರಿ ಹೋಗುತ್ತೆ. ನಿನ್ನ ಮಗಳ ನ್ಯಾಯ ಹೋಗುತ್ತೆ."

"ಹೋದ್ರ ಹೋಗಲಿ ಅನ್ನಾಕ ಬಂದಿಲ್ರೀ ನಾನು" ಎಂದಳು ಅವಳು. "ಹೋಗಬಾರದು. ದಾರಿ ತುಂಬ ಅದನ್ನ ಯೋಚನಿ ಮಾಡ್ಕೊಂತ ಬಂದೀನಿ. ಎರಡು ಸಲ ಹೊಳ್ಳಿ ಹೋದೆ." ಆಮೇಲೆ ನನ್ನ ಕಡೆ ತಿರುಗಿದಳು. "ನನ್ನ ಮಾತು ನೀನು ಹೇಳಿದ್ದು ನಾನು ಚೊಲೋ ಹೆಂಗಸು ಅಂತಲ್ಲಲ್ಲ. ಹೇಳೋರು ಇರಲಿಲ್ಲ ಅಂತ. ಹೌದಿಲ್ಲೋ?"

"ಹೌದು" ಎಂದೆ.

"ಮತ್ತ ಆಕಿಗೂ ಇಲ್ಲ."

ಹಾಲೇಶಪ್ಪನವರು ನನ್ನನ್ನೇ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು. ವಿಚಾರಣೆ ಮುಗಿಯಲಿ, ಮುಂದಿನ ವಾರ ಬಾ ಎಂದರೆ ಯಾರೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ, ಬಹುಶಃ ಹುಲಿಗೆವ್ವ ಕೂಡ ನಿಟ್ಟುಸಿರು ಬಿಟ್ಟು ಹೂಂ ಎಂದು ಎದ್ದುಹೋಗುತ್ತಿದ್ದಳು. ಆ ಮಾತು ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು, ಆಡಿದ್ದರೆ ಗಂಟೆಯಂತೆ ಕೇಳಿಸುತ್ತಿತ್ತೆಂದು ನನಗೆ ಗೊತ್ತಿತ್ತು. ನನ್ನ ಗಂಟಲು ಅಷ್ಟು ಸಲೀಸಾಗಿ ಯಾವತ್ತೂ ಇರಲಿಲ್ಲ.

ಎದ್ದು ನನ್ನ ಕುರ್ಚಿಯನ್ನು ಅವಳಿಗೆ ಕೊಟ್ಟೆ. ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಿದೆ. "ಇಷ್ಟು ದೂರ ಕೂತ್ಕೋ. ಮೇಜು ಬಡೀಬೇಡ, ಅದೂ ಕೇಳಿಸುತ್ತೆ" ಎಂದೆ. ಅವಳು ಮಡಿಲಲ್ಲಿ ಕೈ ಇಟ್ಟುಕೊಂಡಳು. ಹಾಲೇಶಪ್ಪನವರು ಪ್ರಸಾರದ ಗುಂಡಿಯ ಹತ್ತಿರ ಹೋಗಲಿಲ್ಲ. ಹಾಗಾಗಿ ಗಾಜಿನ ಆಚೆಗೆ ನಾನೇ ಹೋಗಿ, ಅವರ ಜಾಗದಲ್ಲಿ ಕೂತು, ಕೆಂಪು ದೀಪ ಹತ್ತಿಸಿದೆ.

"ಅಗಸಿ ಓಣಿ ಗಿರಿಯಮ್ಮನ ಮಾತು ಇದು" ಎಂದಳು ಹುಲಿಗೆವ್ವ. "ಆಕಿ ಮಗಳು ಆಕಿನ್ನ ಕೇಳಿದ್ಲು. ಬ್ಯಾಡ ಅಂದ್ಲು ಆಕಿ."

ಅವಳ ದನಿ ತಗ್ಗಿತ್ತು. ಮುಳ್ಳು ಅರ್ಧಕ್ಕೂ ಏರುತ್ತಿರಲಿಲ್ಲ, ಊರ ಅಂಚಿನ ಮನೆಗಳಿಗೆ ಅಷ್ಟು ಸಾಲದು. ನಾನು ತಿರುಗಣೆ ಹಿಡಿದು ಅವಳ ದನಿ ಏರಿಸಿದೆ.